ತಪ್ಪು ಮೊದಲು ಯಾರಿಗೆ ಗೊತ್ತಾಗಬೇಕು? ಸ್ಕ್ರೀನ್ ಬರೆಯುವ ಮಾರ್ಕಪ್ ಭಾಷೆಗಳ ವಿಮರ್ಶೆ

ಓದೋಕೆ ಚೆಂದ ಅಂದರೆ ಕ್ಯೂಎಂಎಲ್. ನೆಮ್ಮದಿ ಬೇಕು ಅಂದರೆ ಸ್ಲಿಂಟ್. ವಿಂಡೋಸ್‌ಗೆ ದೊಡ್ಡ ಸಾಫ್ಟ್‌ವೇರ್ ಮಾಡಿ ಅದನ್ನು ತುಂಬಾ ವರ್ಷ ಸಾಕಬೇಕು ಅಂದರೆ ಝ್ಯಾಮಲ್. ನನ್ನ ತೀರ್ಪು ಇಷ್ಟೇ. ಅವಸರದಲ್ಲಿ ಇರುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಹೊಸ ಕೆಲಸಕ್ಕೆ ಒಂದನ್ನು ಆರಿಸಲು ಹೊರಟಿದ್ದರೆ ದಯವಿಟ್ಟು ಮುಂದಕ್ಕೂ ಓದಿ. ಈ ಭಾಷೆಗಳ ನಿಜವಾದ ಗುಣ ತಿಳಿಯುವುದು ಎಲ್ಲ ಸರಿ ಇದ್ದಾಗ ಅಲ್ಲ, ಏನೋ ತಪ್ಪಾದಾಗ.

ಯಾವ ಭಾಷೆಗಳ ಬಗ್ಗೆ ಮಾತಾಡುತ್ತಿದ್ದೇನೆ ಅಂತ ಮೊದಲು ಹೇಳಿಬಿಡುತ್ತೇನೆ. ಒಂದು ಸ್ಕ್ರೀನ್‌ನಲ್ಲಿ ಏನೇನಿದೆ, ಯಾವುದು ಎಲ್ಲಿ ಕೂತಿದೆ, ಯಾವುದು ಬದಲಾದರೆ ಯಾವುದು ಬದಲಾಗಬೇಕು ಅನ್ನುವುದನ್ನು ಮುಖ್ಯ ಪ್ರೋಗ್ರಾಮ್‌ನಿಂದ ಬೇರೆ ಫೈಲಿನಲ್ಲಿ ಬರೆದಿಡುವ ಭಾಷೆಗಳು ಇವು. ಮೈಕ್ರೋಸಾಫ್ಟ್‌ನ ಝ್ಯಾಮಲ್, ಕ್ಯೂಟಿಯ ಕ್ಯೂಎಂಎಲ್, ಆಂಡ್ರಾಯ್ಡ್‌ನ ಲೇಔಟ್ ಎಕ್ಸ್‌ಎಂಎಲ್, ಜಿಟಿಕೆಯ ಯುಐ ಫೈಲುಗಳು, ಒಂದು ಕಾಲದಲ್ಲಿ ಫೈರ್‌ಫಾಕ್ಸ್ ನಿಂತಿದ್ದ ಝೂಲ್, ಈಚಿನ ಸ್ಲಿಂಟ್. ಕ್ಯೂಟಿ, ಜಿಟಿಕೆ ಅಂದರೆ ಬಟನ್, ಪಟ್ಟಿ ಥರದ ಸ್ಕ್ರೀನ್ ಭಾಗಗಳನ್ನು ಸಿದ್ಧವಾಗಿ ಕೊಡುವ ಟೂಲ್‌ಕಿಟ್‌ಗಳು. ವೆಬ್‌ಸೈಟ್ ಮಾಡುವ ಎಚ್‌ಟಿಎಂಎಲ್ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ. ಅದರ ಲೋಕವೇ ಬೇರೆ.

ನನ್ನ ಕೆಲಸ ಡೆಸ್ಕ್‌ಟಾಪ್ ಸಾಫ್ಟ್‌ವೇರ್‌ಗಳಿಗೆ ಮತ್ತು ಯಂತ್ರಗಳ ಕಂಟ್ರೋಲ್ ಪ್ಯಾನೆಲ್‌ಗಳಿಗೆ ಸ್ಕ್ರೀನ್ ಮಾಡುವುದು. ಹೊಸ ಭಾಷೆ ಸಿಕ್ಕಾಗಲೆಲ್ಲ ಒಂದೇ ಸ್ಕ್ರೀನನ್ನು ಅದರಲ್ಲಿ ಬರೆದು ನೋಡುತ್ತೇನೆ. ಎಡಗಡೆ ಹೆಸರುಗಳ ಪಟ್ಟಿ, ಬಲಗಡೆ ಆರಿಸಿದವರ ವಿವರ. ಹೆಸರು ಬರೆಯಲು ಒಂದು ಜಾಗ, ಕೆಳಗೆ ಸೇವ್ ಬಟನ್. ಹೆಸರು ಖಾಲಿ ಇದ್ದರೆ ಬಟನ್ ಮಂಕಾಗಿರಬೇಕು, ಒಂದಕ್ಷರ ಬಿದ್ದ ಕೂಡಲೇ ಜೀವ ಬರಬೇಕು. ಇಷ್ಟು ಆದ ಮೇಲೆ ಬೇಕಂತಲೇ ಕೆಡಿಸುತ್ತೇನೆ. ಒಂದು ಹೆಸರಿನ ಸ್ಪೆಲಿಂಗ್ ತಪ್ಪಿಸುತ್ತೇನೆ. ವಿಂಡೋ ಅಗಲವನ್ನು ಅರ್ಧ ಮಾಡುತ್ತೇನೆ. ಲೇಬಲ್‌ಗಳನ್ನೆಲ್ಲ ಕನ್ನಡಕ್ಕೆ ಬದಲಿಸುತ್ತೇನೆ. ಆಗ ನೋಡುವುದು ಒಂದೇ: ಏನು ಕೆಟ್ಟಿದೆ ಅಂತ ಮೊದಲು ಗೊತ್ತಾಗುವುದು ಯಾರಿಗೆ? ಬರೆಯುತ್ತಿರುವ ನನಗೋ, ನಾಳೆ ಆ ಸ್ಕ್ರೀನ್ ಮುಂದೆ ಕೂರುವವರಿಗೋ?

ಝ್ಯಾಮಲ್‌ನಿಂದ ಶುರು ಮಾಡುತ್ತೇನೆ. 2006ರಲ್ಲಿ ಡಾಟ್‌ನೆಟ್ ಫ್ರೇಮ್‌ವರ್ಕ್ 3.0 ಜೊತೆ, ವಿಂಡೋಸ್ ಸಾಫ್ಟ್‌ವೇರ್‌ಗಳ ಸ್ಕ್ರೀನ್ ಕಟ್ಟುವ ಡಬ್ಲ್ಯುಪಿಎಫ್‌ನ ಭಾಗವಾಗಿ ಬಂದ ಭಾಷೆ ಇದು. ನೋಡಲು ಎಕ್ಸ್‌ಎಂಎಲ್. ಪ್ರತಿ ಟ್ಯಾಗ್ ಅಂದರೆ ಒಂದು ಆಬ್ಜೆಕ್ಟ್, ಪ್ರತಿ ಆಟ್ರಿಬ್ಯೂಟ್ ಅಂದರೆ ಅದರ ಒಂದು ಪ್ರಾಪರ್ಟಿ. ಇಷ್ಟು ಸರಳವಾದ ನಿಯಮದ ಮೇಲೆ ಎಷ್ಟು ದೊಡ್ಡ ಕಟ್ಟಡ ಎಬ್ಬಿಸಿದ್ದಾರೆ ಅಂದರೆ ಇವತ್ತಿಗೂ ಅದರ ಮೇಲೆ ನನಗೆ ಗೌರವ ಕಡಿಮೆಯಾಗಿಲ್ಲ.

ಗ್ರಿಡ್ ಒಂದೇ ಸಾಕು ಉದಾಹರಣೆಗೆ. ಒಂದು ಕಾಲಂಗೆ ‘ಆಟೋ’ ಅಂತ ಬರೆದರೆ ಒಳಗಿರುವುದಕ್ಕೆ ಎಷ್ಟು ಬೇಕೋ ಅಷ್ಟು ಜಾಗ. ಇನ್ನೊಂದಕ್ಕೆ ನಕ್ಷತ್ರ ಹಾಕಿದರೆ ಉಳಿದ ಜಾಗವೆಲ್ಲ ಅದಕ್ಕೆ. ಒಂದಕ್ಕೆ ಎರಡು ನಕ್ಷತ್ರ, ಪಕ್ಕದ್ದಕ್ಕೆ ಒಂದು ನಕ್ಷತ್ರ ಅಂದರೆ ಎರಡಕ್ಕೊಂದು ಪಾಲು. ನನ್ನ ಪರೀಕ್ಷೆಯ ಸ್ಕ್ರೀನನ್ನು ಅರ್ಧ ಅಗಲಕ್ಕೆ ತಂದರೂ ಗ್ರಿಡ್ ಅಲ್ಲಾಡುವುದಿಲ್ಲ. ಅಳತೆ ಒಂದು ಇಂಚಿನ 96ನೇ ಒಂದು ಭಾಗದ ಲೆಕ್ಕದಲ್ಲಿ ಇರುವುದರಿಂದ, ಹೆಚ್ಚು ಸಾಂದ್ರತೆಯ ಪರದೆಗೆ ಹೋದರೂ ಅಕ್ಷರಗಳು ಸಣ್ಣಗಾಗುವುದಿಲ್ಲ. 2006ರಲ್ಲೇ ಇದನ್ನು ಯೋಚಿಸಿದ್ದರು.

ಇನ್ನೊಂದು ದೊಡ್ಡ ಗುಣ ಟೆಂಪ್ಲೇಟ್. ಬಟನ್ ಅಂದರೆ ಒತ್ತಬಹುದಾದ ವಸ್ತು, ಅಷ್ಟೇ. ಅದು ಹೇಗೆ ಕಾಣಬೇಕು ಅನ್ನುವುದು ಪೂರ್ತಿ ಬೇರೆ ವಿಷಯ. ಒಳಗೆ ಚಿತ್ರ ಇಡಿ, ಎರಡು ಸಾಲು ಅಕ್ಷರ ಇಡಿ, ಇಡೀ ರೂಪವನ್ನೇ ಬಿಚ್ಚಿ ಬೇರೆ ಕಟ್ಟಿ. ಒತ್ತುವ ಗುಣ, ಕೀಬೋರ್ಡ್ ಗುಣ ಹಾಗೇ ಉಳಿಯುತ್ತದೆ. ನಂತರ ಬಂದ ಎಷ್ಟೋ ಭಾಷೆಗಳು ಇದನ್ನು ಇಷ್ಟು ಆಳಕ್ಕೆ ತೆಗೆದುಕೊಂಡು ಹೋಗಿಲ್ಲ.

ಈಗ ಸೇವ್ ಬಟನ್ ಕಥೆ. ಝ್ಯಾಮಲ್‌ನಲ್ಲಿ ಸ್ಕ್ರೀನ್ ಮತ್ತು ಡೇಟಾ ನಡುವಿನ ಕೊಂಡಿಗೆ ಬೈಂಡಿಂಗ್ ಅನ್ನುತ್ತಾರೆ. ಪುಷ್ಪಾವರಣದ ಒಳಗೆ ಬೈಂಡಿಂಗ್ ಅಂತ ಬರೆದು ಪ್ರಾಪರ್ಟಿಯ ಹೆಸರು ಹಾಕಬೇಕು. ಡಬ್ಲ್ಯುಪಿಎಫ್‌ನಲ್ಲಿ ಹಾಗೆ ಬರೆದು ಹೆಸರು ಟೈಪ್ ಮಾಡಿದರೆ ಸೇವ್ ಬಟನ್‌ಗೆ ಜೀವ ಬರುವುದಿಲ್ಲ! ಯಾಕೆಂದರೆ ಟೆಕ್ಸ್ಟ್‌ಬಾಕ್ಸ್ ತಾನು ಹಿಡಿದಿರುವ ಅಕ್ಷರಗಳನ್ನು ಡೇಟಾಗೆ ಕೊಡುವುದು ಫೋಕಸ್ ಬೇರೆ ಕಡೆ ಹೋದ ಮೇಲೆ. ಪ್ರತಿ ಅಕ್ಷರಕ್ಕೂ ಕೊಡು ಅಂತ ‘ಅಪ್‌ಡೇಟ್ ಸೋರ್ಸ್ ಟ್ರಿಗರ್’ ಅನ್ನುವ ಉದ್ದದ ಹೆಸರನ್ನು ನಾವೇ ಬದಲಿಸಬೇಕು. ಇನ್ನು ‘ಹೆಸರಿನ ಉದ್ದ ಸೊನ್ನೆಗಿಂತ ಜಾಸ್ತಿ’ ಅನ್ನುವ ಒಂದು ಸಣ್ಣ ಷರತ್ತನ್ನು ಬೈಂಡಿಂಗ್ ಒಳಗೆ ಬರೆಯಲು ಬರುವುದಿಲ್ಲ. ಅದಕ್ಕೆ ಒಂದು ಬೆಲೆಯನ್ನು ಇನ್ನೊಂದಾಗಿ ಬದಲಿಸುವ ಕನ್ವರ್ಟರ್ ಕ್ಲಾಸ್ ಬೇಕು, ಇಲ್ಲವೇ ಟ್ರಿಗರ್ ಬೇಕು, ಇಲ್ಲವೇ ಸ್ಕ್ರೀನ್‌ಗೆ ಡೇಟಾ ಒದಗಿಸುವ ವ್ಯೂಮಾಡೆಲ್‌ನಲ್ಲಿ ಇನ್ನೊಂದು ಪ್ರಾಪರ್ಟಿ ಬೇಕು. ಒಂದು ಸಾಲಿನ ಆಸೆಗೆ ಮೂರು ಕಡೆ ಓಡಾಟ.

ಸ್ಪೆಲಿಂಗ್ ತಪ್ಪಿಸಿದರೆ ಏನಾಗುತ್ತದೆ? ಬಿಲ್ಡ್ ಆಗುತ್ತದೆ. ಓಡುತ್ತದೆ. ಹೆಸರಿನ ಜಾಗ ಖಾಲಿ ಕಾಣುತ್ತದೆ, ಅಷ್ಟೇ. ಡಿಬಗ್ ಮಾಡುವಾಗ ಔಟ್‌ಪುಟ್ ವಿಂಡೋದಲ್ಲಿ ನೂರಾರು ಸಾಲುಗಳ ನಡುವೆ ಒಂದು ಸಾಲು ಬರುತ್ತದೆ: ಈ ಪಾತ್ ಸಿಗಲಿಲ್ಲ ಅಂತ. ವಿಷುಯಲ್ ಸ್ಟುಡಿಯೋದಲ್ಲಿ ಈಚೆಗೆ ಬೈಂಡಿಂಗ್ ತಪ್ಪುಗಳಿಗೇ ಒಂದು ಪ್ರತ್ಯೇಕ ಕಿಟಕಿ ಬಂದಿದೆ. ಒಳ್ಳೆಯದು. ಆದರೆ ಆ ಸ್ಕ್ರೀನನ್ನು ನೀವು ತೆರೆದು ನೋಡಿದರೆ ಮಾತ್ರ ಅದು ಹೇಳುತ್ತದೆ. ಮೂರು ಮೆನು ಒಳಗೆ ಹೂತಿರುವ ಸೆಟ್ಟಿಂಗ್ಸ್ ಪುಟವನ್ನು ಪ್ರತಿ ಸಲ ಯಾರು ತೆರೆಯುತ್ತಾರೆ?

ಇದಕ್ಕೆ ಝ್ಯಾಮಲ್ ಕುಟುಂಬದವರೇ ಪರಿಹಾರ ಕಂಡುಕೊಂಡಿದ್ದಾರೆ. ಡಬ್ಲ್ಯುಪಿಎಫ್ ನಂತರ ವಿಂಡೋಸ್‌ಗೆ ಬಂದ ಯುಡಬ್ಲ್ಯುಪಿ ಮತ್ತು ವಿನ್‌ಯುಐನಲ್ಲಿ ‘ಎಕ್ಸ್ ಬೈಂಡ್’ ಇದೆ. ಅದನ್ನು ಬಿಲ್ಡ್ ಸಮಯದಲ್ಲೇ ಪರೀಕ್ಷಿಸುತ್ತಾರೆ, ಅದರೊಳಗಿಂದ ಫಂಕ್ಷನ್ ಕರೆಯಲೂ ಬರುತ್ತದೆ. ಆದರೆ ಅದು ತಾನಾಗಿ ಒಂದೇ ಸಲ ಓದಿ ಸುಮ್ಮನಾಗುತ್ತದೆ. ಮುಂದೆಯೂ ಬದಲಾಗುತ್ತಿರಬೇಕು ಅಂದರೆ ‘ಒನ್‌ವೇ’ ಅಂತ ನಾವೇ ಬರೆಯಬೇಕು. ವಿಂಡೋಸ್ ಆಚೆಗೂ ಓಡುವ ಮಾವಿ ಮತ್ತು ಅವಲೋನಿಯಾದಲ್ಲೂ ಡೇಟಾದ ಟೈಪ್ ಹೇಳಿಬಿಟ್ಟರೆ ಬೈಂಡಿಂಗ್‌ಗಳನ್ನು ಮೊದಲೇ ಪರೀಕ್ಷಿಸುವ ಅನುಕೂಲ ಇದೆ. ಅವಲೋನಿಯಾದಲ್ಲಿ ಪ್ರಾಪರ್ಟಿ ಹೆಸರಿನ ಮುಂದೆ ಒಂದು ಆಶ್ಚರ್ಯಸೂಚಕ ಹಾಕಿದರೆ ‘ಇಲ್ಲ’ ಅಂತ ಅರ್ಥ. ಎಷ್ಟು ಸಣ್ಣ ಸಂಗತಿ! ಡಬ್ಲ್ಯುಪಿಎಫ್‌ನಲ್ಲಿ ಇದಕ್ಕೇ ಒಂದು ಇಡೀ ಕ್ಲಾಸ್ ಬರೆಯಬೇಕಾಗಿತ್ತು.

ನನಗೆ ಝ್ಯಾಮಲ್ ಮೇಲೆ ಇರುವ ನಿಜವಾದ ಬೇಸರ ಬೇರೆ. ಝ್ಯಾಮಲ್ ಅನ್ನುವುದು ಒಂದೇ ಭಾಷೆ ಅಲ್ಲ, ಒಂದೇ ಹೆಸರಿನ ಹಲವು ಭಾಷೆಗಳು. ಒಂದು ಕಡೆ ಟೆಕ್ಸ್ಟ್‌ಬ್ಲಾಕ್, ಇನ್ನೊಂದು ಕಡೆ ಅದೇ ಲೇಬಲ್. ಇಲ್ಲಿ ಸ್ಟ್ಯಾಕ್‌ಪ್ಯಾನೆಲ್, ಅಲ್ಲಿ ಸ್ಟ್ಯಾಕ್‌ಲೇಔಟ್. ಇಲ್ಲಿ ಟೆಕ್ಸ್ಟ್‌ಬಾಕ್ಸ್, ಅಲ್ಲಿ ಎಂಟ್ರಿ. ಒಂದನ್ನು ಮರೆಮಾಡಲು ಡಬ್ಲ್ಯುಪಿಎಫ್‌ನಲ್ಲಿ ‘ಕೊಲ್ಯಾಪ್ಸ್ಡ್’ ಅನ್ನಬೇಕು, ಮಾವಿಯಲ್ಲಿ ‘ಈಸ್ ವಿಸಿಬಲ್’ಗೆ ಸುಳ್ಳು ಅನ್ನಬೇಕು. 2017ರಲ್ಲಿ ಝ್ಯಾಮಲ್ ಸ್ಟ್ಯಾಂಡರ್ಡ್ ಅಂತ ಘೋಷಿಸಿ ಇವನ್ನೆಲ್ಲ ಒಂದು ಮಾಡುತ್ತೇವೆ ಅಂದರು. ಕೈಗೂಡಲಿಲ್ಲ. ಬ್ರೌಸರ್ ಒಳಗೆ ಓಡುತ್ತಿದ್ದ ಸಿಲ್ವರ್‌ಲೈಟ್ ನಂಬಿ ಬರೆದ ಸ್ಕ್ರೀನ್‌ಗಳಿಗೆ 2021ರ ಅಕ್ಟೋಬರ್‌ನಲ್ಲಿ ಬೆಂಬಲವೇ ನಿಂತುಹೋಯಿತು. ಆದರೂ ಡಬ್ಲ್ಯುಪಿಎಫ್ ಮಾತ್ರ ಗಟ್ಟಿಯಾಗಿ ನಿಂತಿದೆ. ವಿಂಡೋಸ್ ಒಂದಕ್ಕೇ ಕೆಲಸ ಅಂದರೆ ಈಗಲೂ ಧೈರ್ಯವಾಗಿ ತೆಗೆದುಕೊಳ್ಳಬಹುದು.

ಕ್ಯೂಎಂಎಲ್ ಬಗ್ಗೆ ಬರೆಯುವಾಗ ನನ್ನ ಕೈ ತಾನಾಗಿ ಓಡುತ್ತದೆ. 2010ರಲ್ಲಿ ಕ್ಯೂಟಿ 4.7 ಜೊತೆ ಬಂತು. ಆಗ ಕ್ಯೂಟಿ ನೋಕಿಯಾದ ಕೈಯಲ್ಲಿತ್ತು, ಫೋನ್‌ಗಳ ಕಡೆ ಗಮನ ಇತ್ತು. ಇಲ್ಲಿ ಎಕ್ಸ್‌ಎಂಎಲ್‌ನ ಕೋನಗಳಿಲ್ಲ. ವಸ್ತುವಿನ ಹೆಸರು, ಪುಷ್ಪಾವರಣ, ಒಳಗೆ ಪ್ರಾಪರ್ಟಿ, ಕೋಲನ್, ಬೆಲೆ. ಆ ಕೋಲನ್‌ನ ಬಲಗಡೆ ಸುಮ್ನೆ ಒಂದು ಅಂಕಿ ಇರಬಹುದು, ಇಲ್ಲವೇ ಒಂದು ಪೂರ್ತಿ ಜಾವಾಸ್ಕ್ರಿಪ್ಟ್ ಲೆಕ್ಕ ಇರಬಹುದು. ಸೇವ್ ಬಟನ್‌ನ ‘ಎನೇಬಲ್ಡ್’ ಪಕ್ಕದಲ್ಲಿ ‘ಹೆಸರಿನ ಪಠ್ಯದ ಉದ್ದ ಸೊನ್ನೆಗಿಂತ ದೊಡ್ಡದು’ ಅಂತ ಬರೆದರೆ ಮುಗಿಯಿತು. ಅಕ್ಷರ ಬಿದ್ದ ಕೂಡಲೇ ಲೆಕ್ಕ ಮತ್ತೆ ನಡೆಯುತ್ತದೆ. ಯಾರಿಗೂ ಸುದ್ದಿ ಮುಟ್ಟಿಸಬೇಕಾಗಿಲ್ಲ, ಕನ್ವರ್ಟರ್ ಬೇಕಾಗಿಲ್ಲ. ನನ್ನ ಪರೀಕ್ಷೆಯ ಸ್ಕ್ರೀನ್ ಅತಿ ಕಡಿಮೆ ಸಾಲುಗಳಲ್ಲಿ ಮುಗಿದದ್ದು ಇಲ್ಲೇ.

ಚಲನೆ ಬೇಕಾ? ‘ಬಿಹೇವಿಯರ್ ಆನ್ ಒಪ್ಯಾಸಿಟಿ’ ಅಂತ ಬರೆದು 200 ಮಿಲಿಸೆಕೆಂಡಿನ ಅನಿಮೇಷನ್ ಹಾಕಿ. ಆಮೇಲೆ ಯಾರು ಯಾವ ಕಾರಣಕ್ಕೆ ಆ ಒಪ್ಯಾಸಿಟಿ ಬದಲಿಸಿದರೂ ಅದು ಮೆಲ್ಲಗೆ ಬದಲಾಗುತ್ತದೆ. ಇಷ್ಟು ಸಲೀಸಾಗಿ ಚಲನೆ ಬರೆಯುವುದು ನಾನು ಬೇರೆಲ್ಲೂ ಕಂಡಿಲ್ಲ. ಲಿನಕ್ಸ್‌ನಲ್ಲಿ ಬಳಸುವ ಕೆಡಿಇಯ ಪ್ಲಾಸ್ಮಾ ಡೆಸ್ಕ್‌ಟಾಪ್‌ನ ಪ್ಯಾನೆಲ್‌ಗಳು, ವಿಜೆಟ್‌ಗಳು ಕ್ಯೂಎಂಎಲ್‌ನಲ್ಲೇ ಇವೆ. ಕಾರುಗಳ ಡ್ಯಾಶ್‌ಬೋರ್ಡ್‌ಗಳಲ್ಲೂ ಇದರ ಬಳಕೆ ಇದೆ. ಆ ಮೃದುತನ ನೋಡಿದರೆ ಯಾಕೆ ಅಂತ ತಿಳಿಯುತ್ತದೆ.

ನಮ್ಮ ತಂಡದಲ್ಲಿ ಒಬ್ಬಳು ಡಿಸೈನರ್ ಇದ್ದಾಳೆ. ಪ್ರೋಗ್ರಾಮಿಂಗ್ ಕಲಿತವಳಲ್ಲ. ಝ್ಯಾಮಲ್ ಫೈಲ್ ತೆರೆದು ಕೊಟ್ಟಾಗ ಮುಚ್ಚಿ ವಾಪಸ್ ಕೊಟ್ಟಿದ್ದಳು. ಕ್ಯೂಎಂಎಲ್ ಫೈಲ್ ಕೊಟ್ಟಾಗ ಸ್ವಲ್ಪ ಹೊತ್ತು ನೋಡಿ, “ಇಲ್ಲಿ ಸ್ಪೇಸಿಂಗ್ 12 ಇದೆಯಲ್ಲಾ, 16 ಮಾಡ್ಲಾ?” ಅಂದಳು. ಮಾಡಿದಳು. ಫೈಲನ್ನು ನೇರವಾಗಿ ಓಡಿಸಿ ನೋಡುವ ‘ಕ್ಯೂಎಂಎಲ್’ ಅನ್ನುವ ಸಣ್ಣ ಟೂಲ್ ಜೊತೆಗೇ ಬರುತ್ತದೆ, ಇಡೀ ಸಾಫ್ಟ್‌ವೇರ್ ಬಿಲ್ಡ್ ಮಾಡಬೇಕಾಗಿಲ್ಲ. ಅವತ್ತಿನಿಂದ ಅಂತರ, ಬಣ್ಣ, ಚಲನೆಯ ವೇಗ ಇವೆಲ್ಲ ಅವಳ ಕೈಯಲ್ಲೇ ಇವೆ. ಸ್ಕ್ರೀನನ್ನು ಬೇರೆ ಫೈಲಿನಲ್ಲಿ ಬರೆಯುವ ಈ ಇಡೀ ಏರ್ಪಾಡು ಹುಟ್ಟಿದ್ದೇ ಇದಕ್ಕೆ ಅಲ್ವಾ? ಡಿಸೈನರ್ ಓದಲಾಗದ ಮಾರ್ಕಪ್ ಇದ್ದರೆ ಅದನ್ನು ನೇರವಾಗಿ ಕೋಡ್‌ನಲ್ಲೇ ಬರೆದುಬಿಡಬಹುದು.

ಇಷ್ಟು ಹೊಗಳಿದ ಮೇಲೆ ಕ್ಯೂಎಂಎಲ್‌ನ ಅಪಾಯವನ್ನೂ ಅಷ್ಟೇ ಜೋರಾಗಿ ಹೇಳಬೇಕು. ಕೋಲನ್ ಹಾಕಿ ಬರೆದರೆ ಅದು ಶಾಶ್ವತ ಸಂಬಂಧ. ಈವೆಂಟ್ ಹ್ಯಾಂಡ್ಲರ್ (ಬಟನ್ ಒತ್ತುವಂಥ ಏನಾದರೂ ನಡೆದಾಗ ಓಡುವ ಕೋಡ್) ಒಳಗೆ ಸಮ ಚಿಹ್ನೆ ಹಾಕಿ ಬರೆದರೆ ಅದು ಆ ಕ್ಷಣದ ಬೆಲೆ. ಎರಡನೆಯದು ಮೊದಲನೆಯದನ್ನು ಅಳಿಸಿಹಾಕುತ್ತದೆ, ಸದ್ದಿಲ್ಲದೆ. ಒಂದು ಯಂತ್ರದ ಪ್ಯಾನೆಲ್‌ನಲ್ಲಿ ಬಾಗಿಲು ತೆರೆದಿದ್ದರೆ ಸ್ಟಾರ್ಟ್ ಬಟನ್ ಮಂಕಾಗಿರಬೇಕು ಅಂತ ಸಂಬಂಧ ಬರೆದಿತ್ತು. ಬೇರೆ ಕಡೆ ಒಂದು ಹ್ಯಾಂಡ್ಲರ್, ಲೋಡ್ ಆಗುವಾಗ ಬಟನ್ ಮುಚ್ಚಿ, ಆದ ಮೇಲೆ ತೆರೆಯುತ್ತಿತ್ತು. ಆ ಎರಡು ಸಾಲು ಓಡಿದ ಮೇಲೆ ಬಾಗಿಲಿನ ಸಂಬಂಧ ಇಲ್ಲವೇ ಇಲ್ಲ. ಬಾಗಿಲು ತೆರೆದಿದೆ, ಬಟನ್ ಹಸಿರು. ಯಂತ್ರದೊಳಗೆ ಬೇರೆ ರಕ್ಷಣೆ ಇತ್ತು, ಯಾರಿಗೂ ಏನೂ ಆಗಲಿಲ್ಲ, ಟೆಸ್ಟಿಂಗ್‌ನಲ್ಲೇ ಸಿಕ್ಕಿತು. ಆದರೆ ಸ್ಕ್ರೀನ್ ಸುಳ್ಳು ಹೇಳಿತ್ತು. ಹೀಗೆ ಸಂಬಂಧ ಕಡಿದಾಗ ತಿಳಿಸುವ ಒಂದು ಲಾಗಿಂಗ್ ವರ್ಗ ಕ್ಯೂಟಿಯಲ್ಲಿ ಇದೆ, ‘ಬೈಂಡಿಂಗ್ ರಿಮೂವಲ್’ ಅಂತ. ತಾನಾಗಿ ಆನ್ ಆಗಿರುವುದಿಲ್ಲ. ನಿಮ್ಮ ಕೆಲಸದಲ್ಲಿ ಕ್ಯೂಎಂಎಲ್ ಇದ್ದರೆ ಅದನ್ನು ಇವತ್ತೇ ಆನ್ ಮಾಡಿ.

ನ್ಯಾಯವಾಗಿ ಹೇಳಬೇಕೆಂದರೆ ಈ ಕುಣಿಕೆ ಕ್ಯೂಎಂಎಲ್ ಒಂದರದ್ದೇ ಅಲ್ಲ. ಡಬ್ಲ್ಯುಪಿಎಫ್‌ನಲ್ಲಿ ಒಂದೇ ದಿಕ್ಕಿನ ಬೈಂಡಿಂಗ್ ಇರುವ ಪ್ರಾಪರ್ಟಿಗೆ ಕೋಡ್‌ನಿಂದ ನೇರ ಬೆಲೆ ಕೊಟ್ಟರೆ ಅಲ್ಲೂ ಬೈಂಡಿಂಗ್ ಹೋಗುತ್ತದೆ. ಅದನ್ನು ಉಳಿಸಿಕೊಳ್ಳಲು ‘ಸೆಟ್ ಕರೆಂಟ್ ವ್ಯಾಲ್ಯೂ’ ಅಂತ ಬೇರೆ ದಾರಿ ಇಟ್ಟಿದ್ದಾರೆ. ಸ್ಲಿಂಟ್‌ನಲ್ಲೂ ಕಾಲ್‌ಬ್ಯಾಕ್ ಒಳಗಿಂದ ಬೆಲೆ ಕೊಟ್ಟರೆ ಸಂಬಂಧ ಮುರಿಯುತ್ತದೆ. ಮೂರೂ ಕಡೆ ಒಂದೇ ಮಾತು ಹೇಳುತ್ತೇನೆ: ಬಟನ್‌ನ ಸ್ಥಿತಿಯನ್ನು ಹ್ಯಾಂಡ್ಲರ್‌ನಿಂದ ಮುಟ್ಟಬೇಡಿ. ‘ಲೋಡ್ ಆಗುತ್ತಿದೆ’ ಅನ್ನುವ ಒಂದು ಪ್ರಾಪರ್ಟಿ ಇಡಿ, ಹ್ಯಾಂಡ್ಲರ್ ಅದನ್ನು ಬದಲಿಸಲಿ. ಬಟನ್ ಮಾತ್ರ ‘ಬಾಗಿಲು ಮುಚ್ಚಿದೆ ಮತ್ತು ಲೋಡ್ ಆಗುತ್ತಿಲ್ಲ’ ಅನ್ನುವ ಒಂದೇ ಸಂಬಂಧವನ್ನು ನೋಡುತ್ತಿರಲಿ. ನಮ್ಮ ಪ್ಯಾನೆಲ್ ಸರಿ ಮಾಡಿದ್ದು ಹೀಗೇ.

ಕ್ಯೂಎಂಎಲ್‌ನಲ್ಲಿ ಸ್ಪೆಲಿಂಗ್ ತಪ್ಪಿದರೆ ಎರಡು ಥರ ಆಗುತ್ತದೆ. ಕೋಲನ್‌ನ ಎಡಗಡೆ ಇಲ್ಲದ ಪ್ರಾಪರ್ಟಿಯ ಹೆಸರು ಬರೆದರೆ ಆ ಫೈಲ್ ಲೋಡ್ ಆಗುವುದೇ ಇಲ್ಲ, ಗಟ್ಟಿಯಾಗಿ ಕೂಗುತ್ತದೆ. ಬಲಗಡೆ ತಪ್ಪಿದರೆ ಆ ಲೆಕ್ಕ ನಡೆಯುವ ಹೊತ್ತಿಗೆ ಕನ್ಸೋಲ್‌ನಲ್ಲಿ ‘ರೆಫರೆನ್ಸ್ ಎರರ್’ ಬರುತ್ತದೆ, ಸ್ಕ್ರೀನ್ ಮುಂದೆ ಓಡುತ್ತಲೇ ಇರುತ್ತದೆ. ಇದಕ್ಕೆ ಮದ್ದು, ಓಡಿಸದೆಯೇ ಫೈಲಿನ ತಪ್ಪು ಹುಡುಕುವ ‘ಕ್ಯೂಎಂಎಲ್ ಲಿಂಟ್’ ಅನ್ನುವ ಟೂಲ್. ಕ್ಯೂಟಿ 6ರಲ್ಲಿ ಅದು ನಿಜಕ್ಕೂ ಉಪಯೋಗಕ್ಕೆ ಬರುವ ಮಟ್ಟಕ್ಕೆ ಬಂದಿದೆ. ಆದರೆ ಅದರ ಕಣ್ಣಿಗೆ ಬೀಳುವ ಹಾಗೆ ನಾವೂ ಬರೆಯಬೇಕು. ಸಿ++ ಕಡೆಯಿಂದ ‘ಕಾಂಟೆಕ್ಸ್ಟ್ ಪ್ರಾಪರ್ಟಿ’ ಅಂತ ಹೆಸರುಗಳನ್ನು ಗಾಳಿಯಲ್ಲಿ ತೇಲಿಬಿಡುವ ಹಳೆಯ ಅಭ್ಯಾಸ ಇದ್ದರೆ ಲಿಂಟ್‌ಗೆ ಅವು ಕಾಣುವುದಿಲ್ಲ. ಟೈಪ್‌ಗಳನ್ನು ಮಾಡ್ಯೂಲ್‌ನಲ್ಲಿ ಸರಿಯಾಗಿ ನೋಂದಾಯಿಸಿ. ಕ್ಯೂಟಿ 5.15ರಲ್ಲಿ ಬಂದ ‘ರಿಕ್ವೈರ್ಡ್ ಪ್ರಾಪರ್ಟಿ’ ಬಳಸಿ, ಆಗ ಕೊಡಲೇಬೇಕಾದ ಬೆಲೆ ಕೊಡದೆ ಹೋದರೆ ಗೊತ್ತಾಗುತ್ತದೆ.

ಇಲ್ಲಿ ಇನ್ನೊಂದು ಮಾತು. ಕ್ಯೂಎಂಎಲ್ ಕಲಿಯಲು ಹೊರಟವರು ಹುಡುಕಿದಾಗ ಸಿಗುವ ಉತ್ತರಗಳಲ್ಲಿ ಎಷ್ಟೋ ಹಳೆಯವು. ‘ಕ್ವಿಕ್ ಕಂಟ್ರೋಲ್ಸ್ 1’ ಮತ್ತು 2 ಅಂತ ಎರಡು ಬಟನ್ ಸಂಸಾರಗಳಿದ್ದವು, ಹೆಸರು ಒಂದೇ, ಗುಣ ಬೇರೆ. ಮೊದಲನೆಯದು ಕ್ಯೂಟಿ 6ರಲ್ಲಿ ಇಲ್ಲ. ಇಂಪೋರ್ಟ್ ಸಾಲಿನ ಕೊನೆಯಲ್ಲಿ ಆವೃತ್ತಿಯ ಅಂಕಿ ಇಲ್ಲದೆ ಬರೆಯಲು ಬಂದದ್ದು ಕ್ಯೂಟಿ 6ರಲ್ಲಿ. ಕಂಟ್ರೋಲ್ಸ್‌ಗೆ 1ರಿಂದ ಶುರುವಾಗುವ ಅಂಕಿ ಕಂಡರೆ ಆ ಉತ್ತರವನ್ನು ಬಿಟ್ಟು ಮುಂದೆ ಹೋಗಿ. ಲೈಸೆನ್ಸ್ ಕೂಡ ಮೊದಲೇ ಓದಿಕೊಳ್ಳಿ. ಕೆಲವು ಮಾಡ್ಯೂಲ್‌ಗಳು ಎಲ್‌ಜಿಪಿಎಲ್, ಕೆಲವು ಬರೀ ಜಿಪಿಎಲ್ ಅಥವಾ ದುಡ್ಡು ಕೊಟ್ಟು ಕೊಳ್ಳುವ ಲೈಸೆನ್ಸ್. ಯಂತ್ರದೊಳಗೆ ಹಾಕಿ ಮಾರುವವರು ಇದನ್ನು ಕೊನೆಗೆ ನೋಡಿಕೊಳ್ಳೋಣ ಅಂತ ಬಿಡಬಾರದು.

ಈಗ ಸ್ಲಿಂಟ್. ಕ್ಯೂಟಿಯಲ್ಲಿ, ಕ್ಯೂಎಂಎಲ್ ಮೇಲೇ ಕೆಲಸ ಮಾಡಿದ್ದವರು ಹೊರಬಂದು ಕಟ್ಟಿದ್ದು. ಮೊದಲು ಸಿಕ್ಸ್ಟಿಎಫ್‌ಪಿಎಸ್ ಅನ್ನುವ ಹೆಸರಿತ್ತು, 2022ರಲ್ಲಿ ಸ್ಲಿಂಟ್ ಆಯಿತು, 2023ರಲ್ಲಿ 1.0 ಬಂತು. ನೋಡಲು ಕ್ಯೂಎಂಎಲ್‌ನ ತಂಗಿಯ ಹಾಗೆ ಇದೆ. ಅದೇ ಪುಷ್ಪಾವರಣ, ಅದೇ ಕೋಲನ್. ಆದರೆ ಒಳಗೆ ಜಾವಾಸ್ಕ್ರಿಪ್ಟ್ ಇಲ್ಲ. ಪ್ರತಿ ಪ್ರಾಪರ್ಟಿಗೂ ಟೈಪ್ ಇದೆ, ಪೂರ್ತಿ ಫೈಲ್ ಕಂಪೈಲ್ ಆಗುತ್ತದೆ.

ನಾನು ಸ್ಪೆಲಿಂಗ್ ತಪ್ಪಿಸಿದೆ. ಬಿಲ್ಡ್ ನಿಂತಿತು. ಸಾಲಿನ ಸಂಖ್ಯೆ ಸಮೇತ ತೋರಿಸಿತು. ಎಡಿಟರ್‌ನಲ್ಲಿ ಅದಕ್ಕೂ ಮೊದಲೇ ಕೆಂಪು ಗೆರೆ ಬಿದ್ದಿತ್ತು. ನನಗೆ ಬೇಕಾಗಿದ್ದು ಇಷ್ಟೇ. ಆಮೇಲೆ ಇನ್ನೂ ಒಂದು ಕುತೂಹಲಕ್ಕೆ ಅಗಲದ ಬೆಲೆಯಿಂದ ‘ಪಿಎಕ್ಸ್’ ಅಳಿಸಿ ಬರೀ ಅಂಕಿ ಬಿಟ್ಟೆ. ಅದಕ್ಕೂ ಒಪ್ಪಲಿಲ್ಲ. ಉದ್ದಕ್ಕೆ ಉದ್ದದ ಮಾನ ಬೇಕು, ಕಾಲಕ್ಕೆ ಕಾಲದ ಮಾನ ಬೇಕು, ಕೋನಕ್ಕೆ ಡಿಗ್ರಿ ಬೇಕು. ಬೇರೆ ಕಡೆ 200 ಅಂತ ಬರೆದಿರುವುದನ್ನು ನೋಡಿ ಇದು ಪಿಕ್ಸೆಲ್ಲೋ ಮಿಲಿಸೆಕೆಂಡೋ ಅಂತ ಹುಡುಕಾಡಿದವರಿಗೆ ಇದರ ಬೆಲೆ ಗೊತ್ತು.

ಪ್ರಾಪರ್ಟಿಗಳಿಗೆ ದಿಕ್ಕು ಇರುವುದು ನನಗೆ ಅತಿ ಹಿಡಿಸಿದ ವಿಷಯ. ‘ಇನ್’ ಅಂದರೆ ಹೊರಗಿನವರು ಕೊಡುವುದು, ಒಳಗೆ ಬದಲಿಸುವಂತಿಲ್ಲ. ‘ಔಟ್’ ಅಂದರೆ ಒಳಗೆ ಬದಲಿಸುವುದು, ಹೊರಗಿನವರು ಓದಬಹುದು ಅಷ್ಟೇ. ಏನೂ ಹೇಳದಿದ್ದರೆ ಪೂರ್ತಿ ಖಾಸಗಿ. ಬೇರೆಯವರು ಬರೆದ ಒಂದು ಭಾಗವನ್ನು ತೆರೆದಾಗ ಮೊದಲ ಹತ್ತು ಸಾಲಿನಲ್ಲೇ ಇದು ಏನು ಕೇಳುತ್ತದೆ, ಏನು ಕೊಡುತ್ತದೆ ಅಂತ ಗೊತ್ತಾಗುತ್ತದೆ. ರಸ್ಟ್, ಸಿ++, ಜಾವಾಸ್ಕ್ರಿಪ್ಟ್, ಪೈಥಾನ್ ಯಾವುದರ ಜೊತೆಗಾದರೂ ಸ್ಕ್ರೀನ್ ಫೈಲ್ ಅದೇ. ಸಣ್ಣ ಮೈಕ್ರೋಕಂಟ್ರೋಲರ್‌ಗಳ ಮೇಲೂ ಓಡುತ್ತದೆ, ಆಪರೇಟಿಂಗ್ ಸಿಸ್ಟಂ ಕೂಡ ಬೇಕಾಗಿಲ್ಲ.

ಕೊರತೆ ಇದೆ. ಸಿದ್ಧ ವಿಜೆಟ್‌ಗಳ ಕಪಾಟು ಕ್ಯೂಟಿಯಷ್ಟು ತುಂಬಿಲ್ಲ. ದೊಡ್ಡ ಟೇಬಲ್, ಗ್ರಾಫ್, ನಕ್ಷೆ ಬೇಕಾದಾಗ ನಾವೇ ಕಟ್ಟಬೇಕಾಗಬಹುದು. ಜಾವಾಸ್ಕ್ರಿಪ್ಟ್ ಇಲ್ಲದ್ದರಿಂದ ಸ್ವಲ್ಪ ಸಿಕ್ಕಾದ ಲೆಕ್ಕಗಳನ್ನು ರಸ್ಟ್ ಅಥವಾ ಸಿ++ ಕಡೆಗೆ ಕಳಿಸಿ ವಾಪಸ್ ತರಬೇಕು. ಇದು ಮೊದಮೊದಲು ಕಟ್ಟಿಹಾಕಿದ ಹಾಗೆ ಅನಿಸುತ್ತದೆ. ಆಮೇಲೆ ಫೈಲುಗಳು ತೆಳ್ಳಗೆ ಉಳಿದಿರುವುದು ನೋಡಿದಾಗ ಹಿತವೂ ಅನಿಸುತ್ತದೆ.

ಆಂಡ್ರಾಯ್ಡ್‌ನ ಲೇಔಟ್ ಎಕ್ಸ್‌ಎಂಎಲ್ ಓದಲು ಬಲು ಭಾರ. ಪ್ರತಿ ಸಾಲಿನ ಮುಂದೂ ‘ಆಂಡ್ರಾಯ್ಡ್’ ಅನ್ನುವ ಪೂರ್ವಪದ, ಪ್ರತಿ ವಸ್ತುವಿಗೂ ಅಗಲ ಎತ್ತರ ಹೇಳಲೇಬೇಕು. ಬಟನ್ ಒತ್ತಿದಾಗ ಕರೆಯಬೇಕಾದ ಮೆಥಡ್ ಹೆಸರನ್ನು ಎಕ್ಸ್‌ಎಂಎಲ್‌ನಲ್ಲೇ ಬರೆಯಬಹುದಿತ್ತು. ಅದರ ಸ್ಪೆಲಿಂಗ್ ತಪ್ಪಿದರೆ ಒತ್ತಿದ ಕ್ಷಣದಲ್ಲಿ ಆಪ್ ಮುಚ್ಚಿಹೋಗುತ್ತಿತ್ತು, ಬಳಸುವವರ ಕೈಯಲ್ಲೇ. 2020ರಲ್ಲಿ ಆಂಡ್ರಾಯ್ಡ್ ಸ್ಟುಡಿಯೋ 3.6 ಜೊತೆ ವ್ಯೂ ಬೈಂಡಿಂಗ್ ಬಂದ ಮೇಲೆ ಕೋಡ್‌ನಿಂದ ಸ್ಕ್ರೀನ್‌ನ ಭಾಗಗಳನ್ನು ಹಿಡಿಯುವಾಗ ಆಗುತ್ತಿದ್ದ ತಪ್ಪುಗಳು ಬಿಲ್ಡ್‌ನಲ್ಲೇ ಸಿಗತೊಡಗಿದವು.

ಆದರೆ ಒಂದು ವಿಷಯದಲ್ಲಿ ಆಂಡ್ರಾಯ್ಡ್ ಎಲ್ಲರಿಗಿಂತ ಮುಂದೆ. ಸಂಪನ್ಮೂಲಗಳ ಫೋಲ್ಡರ್ ವ್ಯವಸ್ಥೆ. ಕನ್ನಡದ ಪದಗಳು ‘ವ್ಯಾಲ್ಯೂಸ್ ಕೆಎನ್’ ಫೋಲ್ಡರ್‌ನಲ್ಲಿ, ಅಡ್ಡ ಹಿಡಿದಾಗಿನ ಲೇಔಟ್ ‘ಲ್ಯಾಂಡ್’ ಫೋಲ್ಡರ್‌ನಲ್ಲಿ. ಯಾವುದನ್ನು ಯಾವಾಗ ಎತ್ತಿಕೊಳ್ಳಬೇಕು ಅಂತ ಫೋನೇ ನೋಡಿಕೊಳ್ಳುತ್ತದೆ. ಇಲ್ಲದ ಪದವನ್ನು ಲೇಔಟ್‌ನಲ್ಲಿ ಕೇಳಿದರೆ ಬಿಲ್ಡ್ ಆಗುವುದೇ ಇಲ್ಲ. ಅಕ್ಷರದ ಅಳತೆಗೆ ‘ಎಸ್‌ಪಿ’ ಅಂತ ಪ್ರತ್ಯೇಕ ಮಾನ ಇದೆ. ಕಣ್ಣು ಮಂದವಾದವರು ಫೋನ್ ಸೆಟ್ಟಿಂಗ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡರೆ ಎಸ್‌ಪಿಯಲ್ಲಿ ಬರೆದದ್ದೆಲ್ಲ ಅದಕ್ಕೆ ತಕ್ಕ ಹಾಗೆ ಬೆಳೆಯುತ್ತದೆ. ಇದನ್ನು ಭಾಷೆಯ ಒಳಗೇ ಇಟ್ಟದ್ದು ದೊಡ್ಡ ಕೆಲಸ. 2021ರಲ್ಲಿ, ಸ್ಕ್ರೀನನ್ನು ಕೋಡ್‌ನಲ್ಲೇ ಬರೆಯುವ ಜೆಟ್‌ಪ್ಯಾಕ್ ಕಂಪೋಸ್ 1.0 ಬಂದ ಮೇಲೆ ಹೊಸಬರು ಲೇಔಟ್ ಎಕ್ಸ್‌ಎಂಎಲ್ ಮುಟ್ಟುವುದು ಕಡಿಮೆ. ಆದರೆ ಕಂಪೋಸ್‌ನಲ್ಲೂ ಆ ಫೋಲ್ಡರ್‌ಗಳು, ಆ ಎಸ್‌ಪಿ ಹಾಗೇ ಉಳಿದಿವೆ.

ಕನ್ನಡ ಲೇಬಲ್‌ಗಳ ಪರೀಕ್ಷೆಯಲ್ಲಿ ಎಲ್ಲ ಭಾಷೆಗಳೂ ಒಂದೇ ಪಾಠ ಕಲಿಸಿದವು. ಬಟನ್‌ನ ಎತ್ತರವನ್ನು ಅಂಕಿಯಲ್ಲಿ ಕಟ್ಟಿಹಾಕಿದರೆ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತದೆ. ಅಗಲ ಕಟ್ಟಿಹಾಕಿದರೆ ಉದ್ದದ ಪದ ಅರ್ಧಕ್ಕೇ ನಿಲ್ಲುತ್ತದೆ. ಇದು ಯಾವ ಕಂಪೈಲರ್‌ಗೂ ಕಾಣುವ ತಪ್ಪಲ್ಲ. ಝ್ಯಾಮಲ್‌ನ ‘ಆಟೋ’, ಆಂಡ್ರಾಯ್ಡ್‌ನ ‘ರ್‍ಯಾಪ್ ಕಂಟೆಂಟ್’ ಇರುವುದು ಇದಕ್ಕೇ. ಕ್ಯೂಎಂಎಲ್‌ನಲ್ಲಿ ಸ್ವಲ್ಪ ಎಚ್ಚರ ಬೇಕು. ಆ್ಯಂಕರ್‌ಗಳಿಂದ ಎಲ್ಲವನ್ನೂ ಗೋಡೆಗೆ ಮೊಳೆ ಹೊಡೆಯುವ ಬದಲು ‘ರೋ ಲೇಔಟ್’, ‘ಕಾಲಂ ಲೇಔಟ್’ ಬಳಸಿದರೆ ಪದಕ್ಕೆ ಬೇಕಾದ ಜಾಗ ತಾನಾಗಿ ಸಿಗುತ್ತದೆ. ಎರಡನ್ನೂ ಒಂದೇ ವಸ್ತುವಿನ ಮೇಲೆ ಹೇರಿದರೆ ಕ್ಯೂಟಿ ಎಚ್ಚರಿಕೆ ಕೊಡುತ್ತದೆ, ಅದನ್ನು ಕಡೆಗಣಿಸಬೇಡಿ.

ಜಿಟಿಕೆ ಬಗ್ಗೆ ಹೆಚ್ಚು ಹೇಳಲಾರೆ. ಅದರ ಯುಐ ಫೈಲುಗಳು ಎಕ್ಸ್‌ಎಂಎಲ್, ಒಂದು ಬಟನ್‌ಗೆ ನಾಲ್ಕೈದು ಸಾಲು. ಮುಂಚೆ ಗ್ಲೇಡ್ ಅನ್ನುವ ಎಳೆದು ಬಿಡುವ ಟೂಲ್‌ನಿಂದ ಇವನ್ನು ಮಾಡುತ್ತಿದ್ದರು. ಗ್ಲೇಡ್ ಜಿಟಿಕೆ 4ಕ್ಕೆ ಬರಲಿಲ್ಲ. ಈಗ ಬ್ಲೂಪ್ರಿಂಟ್ ಅನ್ನುವ ಚಿಕ್ಕ ಭಾಷೆ ಇದೆ. ಕ್ಯೂಎಂಎಲ್ ಥರ ಬರೆಯಬಹುದು, ಅದು ಆ ಎಕ್ಸ್‌ಎಂಎಲ್‌ಗೆ ಕಂಪೈಲ್ ಆಗುತ್ತದೆ, ದಾರಿಯಲ್ಲೇ ಎಷ್ಟೋ ತಪ್ಪು ಹಿಡಿಯುತ್ತದೆ. ಜಿಟಿಕೆ ಬಳಸುವವರು ಕೈಯಿಂದ ಎಕ್ಸ್‌ಎಂಎಲ್ ಬರೆಯುವುದನ್ನು ನಿಲ್ಲಿಸಲು ಇದೊಂದು ಕಾರಣ ಸಾಕು.

ಝೂಲ್ ಈಗ ಬಳಕೆಯಲ್ಲಿ ಇಲ್ಲ ಅನ್ನಬಹುದು, ಆದರೂ ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಮೊಜಿಲ್ಲಾದವರು ಬ್ರೌಸರ್‌ನ ಟೂಲ್‌ಬಾರ್, ಮೆನು, ಡೈಲಾಗ್ ಎಲ್ಲವನ್ನೂ ಈ ಮಾರ್ಕಪ್‌ನಲ್ಲಿ ಬರೆದಿದ್ದರು. ಓವರ್‌ಲೇ ಅನ್ನುವ ವ್ಯವಸ್ಥೆ ಇತ್ತು. ಹೊರಗಿನವರ ಎಕ್ಸ್‌ಟೆನ್ಶನ್ ಒಂದು ಸಣ್ಣ ಝೂಲ್ ಫೈಲ್ ತಂದು, ಬ್ರೌಸರ್‌ನ ಯಾವ ಮೂಲೆಗೆ ಬೇಕಾದರೂ ತನ್ನ ಬಟನ್ ಸೇರಿಸಬಹುದಿತ್ತು. ಅಷ್ಟು ಸ್ವಾತಂತ್ರ್ಯ ಕೊಟ್ಟ ಸಾಫ್ಟ್‌ವೇರ್ ಅಪರೂಪ. ಅದೇ ಸ್ವಾತಂತ್ರ್ಯ ಭಾರವೂ ಆಯಿತು. ಒಳಗಿನ ಒಂದು ಹೆಸರು ಬದಲಿಸಿದರೆ ಯಾರದೋ ಎಕ್ಸ್‌ಟೆನ್ಶನ್ ಮುರಿಯುತ್ತಿತ್ತು. 2017ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 57 ಬಂದಾಗ ಹಳೆಯ ಎಕ್ಸ್‌ಟೆನ್ಶನ್‌ಗಳ ಕಾಲ ಮುಗಿಯಿತು. ಝೂಲ್‌ನ ಪೆಟ್ಟಿಗೆ ಮತ್ತು ‘ಫ್ಲೆಕ್ಸ್’ ವಿಚಾರ ಮಾತ್ರ ಸಿಎಸ್‌ಎಸ್ ಫ್ಲೆಕ್ಸ್‌ಬಾಕ್ಸ್‌ನ ಮೊದಲ ಕರಡುಗಳಿಗೆ ಬುನಾದಿ ಆಯಿತು. ಇವತ್ತು ವೆಬ್ ಪುಟ ಕಟ್ಟುವ ಪ್ರತಿಯೊಬ್ಬರೂ ಆ ವಿಚಾರವನ್ನು ಬಳಸುತ್ತಿದ್ದಾರೆ.

ನನ್ನ ಪ್ರಶ್ನೆಗೆ ಝೂಲ್ ಕೊಟ್ಟ ಉತ್ತರ ಮಾತ್ರ ಅತಿ ಕಠಿಣ. ಲೇಬಲ್‌ಗಳ ಅನುವಾದ ಡಿಟಿಡಿ ಫೈಲುಗಳಲ್ಲಿ ಇರುತ್ತಿತ್ತು. ಯಾವುದೋ ಭಾಷೆಯ ಅನುವಾದದಲ್ಲಿ ಒಂದೇ ಒಂದು ಪದ ಬಿಟ್ಟುಹೋದರೂ ಇಡೀ ವಿಂಡೋ ಬರುತ್ತಿರಲಿಲ್ಲ. ಹಳದಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರದ ಪಾರ್ಸಿಂಗ್ ತಪ್ಪು ಕಾಣುತ್ತಿತ್ತು. ಬರೆದವರ ಭಾಷೆಯಲ್ಲಿ ಎಲ್ಲ ಸರಿ, ಆ ಭಾಷೆಯವರಿಗೆ ಮಾತ್ರ ಬಾಗಿಲು ಬಂದ್. ತಪ್ಪನ್ನು ಜೋರಾಗಿ ಹೇಳುವುದು ಒಳ್ಳೆಯದೇ. ಯಾರಿಗೆ ಹೇಳಬೇಕೋ ಅವರನ್ನು ಬಿಟ್ಟು ಬಳಸುವವರಿಗೆ ಹೇಳಿದರೆ ಏನು ಬಂತು?

ಕಂಪೋಸ್, ಸ್ವಿಫ್ಟ್‌ಯುಐ, ಫ್ಲಟರ್ ಬಂದ ಮೇಲೆ ಬೇರೆ ಮಾರ್ಕಪ್ ಯಾಕೆ, ಎಲ್ಲವನ್ನೂ ಕೋಡ್‌ನಲ್ಲೇ ಬರೆದರಾಯಿತು ಅನ್ನುವವರು ಹೆಚ್ಚಾಗಿದ್ದಾರೆ. ಅವರ ಮಾತಿನಲ್ಲಿ ಸತ್ಯ ಇದೆ. ಅಲ್ಲಿ ಸ್ಪೆಲಿಂಗ್ ತಪ್ಪಿದರೆ ಕಂಪೈಲರ್ ಹಿಡಿಯುತ್ತದೆ. ಆಪಲ್‌ನ ಹಳೆಯ ಕ್ಸಿಬ್ ಫೈಲುಗಳನ್ನು ಇಬ್ಬರು ಒಟ್ಟಿಗೆ ಬದಲಿಸಿ ಮರ್ಜ್ ಮಾಡಲು ಕೂತವರಿಗೆ 2019ರಲ್ಲಿ ಸ್ವಿಫ್ಟ್‌ಯುಐ ಬಂದಾಗ ಆದ ಸಂತೋಷ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಡಿಸೈನರ್ ಕಂಪೋಸ್ ಬರೆಯುವ ಕೋಟ್ಲಿನ್ ಭಾಷೆಯ ಫೈಲ್ ತೆರೆದು ಅಂತರ ಬದಲಿಸುವ ದಿನ ಬಂದಿಲ್ಲ. ಆ ಫೈಲಿನಲ್ಲಿ ನೆಟ್‌ವರ್ಕ್ ಕೂಡ ಇದೆ, ಡೇಟಾಬೇಸ್ ಕೂಡ ಇದೆ. ಸ್ಕ್ರೀನ್ ಬರೆಯಲು ಮಾತ್ರ ಬರುವ, ಬೇರೇನೂ ಮಾಡಲಾಗದ ಒಂದು ಸಣ್ಣ ಭಾಷೆಗೆ ಇನ್ನೂ ಜಾಗ ಇದೆ ಅಂತಲೇ ನನ್ನ ನಂಬಿಕೆ. ಸ್ಲಿಂಟ್ ಆ ಎರಡನ್ನೂ ಒಟ್ಟಿಗೆ ಕೊಡುತ್ತಿದೆ: ಅವಳು ಓದಬಲ್ಲಳು, ಕಂಪೈಲರ್ ಕಾಯುತ್ತದೆ.

ಸದ್ಯಕ್ಕೆ ನಮ್ಮಲ್ಲಿ ಹೀಗೆ ಗೊತ್ತು ಮಾಡಿಕೊಂಡಿದ್ದೇವೆ. ಹೊಸದಾಗಿ ಶುರುವಾಗುವ ಸಣ್ಣ ಪ್ಯಾನೆಲ್‌ಗಳಿಗೆ ಸ್ಲಿಂಟ್. ದೊಡ್ಡ ಟೇಬಲ್‌ಗಳು, ಗ್ರಾಫ್‌ಗಳು ಇರುವ ಡೆಸ್ಕ್‌ಟಾಪ್ ಕೆಲಸ ಕ್ಯೂಎಂಎಲ್‌ನಲ್ಲೇ ಮುಂದುವರಿಯುತ್ತದೆ. ಆದರೆ ಒಂದು ಷರತ್ತು: ಕ್ಯೂಎಂಎಲ್ ಲಿಂಟ್‌ನ ಎಚ್ಚರಿಕೆಗಳ ಮಿತಿಯನ್ನು ಸೊನ್ನೆಗೆ ಇಟ್ಟಿದ್ದೇವೆ. ಒಂದೇ ಒಂದು ಎಚ್ಚರಿಕೆ ಬಂದರೂ ಬಿಲ್ಡ್ ನಿಲ್ಲುತ್ತದೆ.